ಊದಿ ಉಣ್ಣುವ ಕಾಯಿದೆ

ಹಿರಿಹೊಳೆಯ ನಡುವೆ ಐದು ನಡುಗಡ್ಡೆಗಳಿದ್ದವು. ಹೊಳೆಯ ಆಚೆ ದಡದಲ್ಲಿ ಮಹಾದೊರೆ ಇದ್ದ. ನಡುಗಡ್ಡೆಗಳ ಮರ ಅವನದು, ಮೀನು ಅವನದು, ಮೀನು ಹಿಡಿಯುವವನೂ ಅವನವನೇ. ಇಷ್ಟೆಲ್ಲ ತನ್ನದಾದ ಮೇಲೆ ದೊರೆಗೆ ಉಳಿದದ್ದು ಒಂದೇ ಆಸೆ. ಜನರ ಹಸಿವೂ ತನ್ನದೇ ಆಗಿಬಿಡಬೇಕು. ಹಾಗಾಗಿ ಅಲ್ಲಿ ಒಂದು ಕಟ್ಟಳೆ ಹುಟ್ಟಿತು: ದೊರೆ ಉಂಡ ಮೇಲೆ ಜನ ಉಣ್ಣಬೇಕು.

ದೊರೆ ಉಂಡು ಕೈ ತೊಳೆದ ಕೂಡಲೇ ಆಚೆ ದಡದಲ್ಲಿ ನಗಾರಿ ಮೊಳಗುತ್ತಿತ್ತು. ಅದನ್ನು ಕೇಳಿ ಮೊದಲ ನಡುಗಡ್ಡೆಯ ನಗಾರಿಯವನು ಬಾರಿಸುತ್ತಿದ್ದ, ಅವನದನ್ನು ಕೇಳಿ ಎರಡನೆಯವನು, ಅವನದನ್ನು ಕೇಳಿ ಮೂರನೆಯವನು. ಹೀಗೆ ದೊರೆಯ ತೇಗು ಒಂದೊಂದೇ ನೀರು ದಾಟಿ ಐದನೆಯ ನಡುಗಡ್ಡೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ನಡುವೆ ಯಾವನಾದರೂ ತೂಕಡಿಸಿದನೋ, ಮುಂದಿನವರೆಲ್ಲ ಎಲೆಯ ಮುಂದೆ ಕೂತು ನೊಣ ಓಡಿಸಬೇಕಿತ್ತು.

ಒಂದು ನಡುಗಡ್ಡೆಗೆ ಒಂದೇ ಒಲೆ, ದಿನಕ್ಕೆ ಒಂದೇ ಹೊಗೆ. ಅಡುಗೆ ಇಳಿದ ಕೂಡಲೇ ಒಲೆಗೆ ನೀರು ಹುಯ್ಯಬೇಕು. ಆಚೆ ದಡದ ಗೋಪುರದಲ್ಲಿ ಹೊಗೆ ಎಣಿಸಲೆಂದೇ ಒಬ್ಬನನ್ನು ಕೂರಿಸಿದ್ದರು. ಎರಡನೇ ಹೊಗೆ ಎದ್ದರೆ ಆ ನಡುಗಡ್ಡೆಗೆ ಮೂರು ದಿನ ನಗಾರಿಯೇ ಇಲ್ಲ. ಗೋಪುರದ ಮೇಲೆ, ಐದು ನಡುಗಡ್ಡೆಗಳಿಗೂ ಕಾಣುವಷ್ಟು ದೊಡ್ಡದಾಗಿ, ‘ತಾಳಿದವನು ಬಾಳಿಯಾನು’ ಎಂದು ಬರೆಸಿದ್ದರು. ಬರೆಸಿದವನು ಮಾತ್ರ ಒಂದು ದಿನವೂ ತಾಳಿದವನಲ್ಲ.

ಕದ್ದು ತಿನ್ನುವವರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು. ಆದರೆ ಅವರೂ ಆರಿದ ಮೇಲೇ ಕದಿಯುತ್ತಿದ್ದರು. ಬಿಸಿಯಾದದ್ದು ದೊರೆಗೆ ಸೇರಿದ್ದು ಎಂಬ ಮಾತು ಕಳ್ಳರಿಗೂ ಅಷ್ಟು ಚೆನ್ನಾಗಿ ಬಾಯಿಪಾಠವಾಗಿತ್ತು.

ಐದನೆಯ ನಡುಗಡ್ಡೆಯ ಒಲೆಯ ಮುಂದೆ ನಲವತ್ತು ವರ್ಷದಿಂದ ಒಬ್ಬ ಅಡುಗೆಯವಳಿದ್ದಳು. ಅವಳ ಹುರಳಿ ಸಾರಿನ ಪರಿಮಳಕ್ಕೆ ನಾಲ್ಕನೆಯ ನಡುಗಡ್ಡೆಯವರು ಗಾಳಿ ಬೀಸುವ ಕಡೆ ತಿರುಗಿ ಕೂರುತ್ತಿದ್ದರು. ಪರಿಮಳವೇನೋ ಬಿಸಿಯಾಗಿಯೇ ಹೋಗುತ್ತಿತ್ತು. ಉಣ್ಣುವ ಹೊತ್ತಿಗೆ ಸಾರಿನ ಮೇಲೆ ಕೆನೆ ಕಟ್ಟಿ, ರಾಗಿ ಮುದ್ದೆ ಗುಂಡುಕಲ್ಲಾಗಿ, ಬಡಿಸಿದರೆ ಎಲೆ ಹರಿಯುತ್ತಿತ್ತು. ಜನ ಅದನ್ನು ಮುರಿದು, ಅಗಿದು, ದವಡೆ ಸವರಿಕೊಂಡು ಏಳುತ್ತಿದ್ದರು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವ ಪದಾರ್ಥ ಎಂಬುದು ಅಡುಗೆಯವಳೊಬ್ಬಳಿಗೆ ಗೊತ್ತಿತ್ತು. ತೊಳಸುವಾಗ ಅವಳ ಕೈಗೆ ಅದು ಹೇಳಿತ್ತು.

ಅವಳ ಗಂಡನೇ ಆ ನಡುಗಡ್ಡೆಯ ನಗಾರಿಯವನು. ತಾಮ್ರದ ನಗಾರಿಗೆ ದಿನಾ ಹುಣಸೆಹಣ್ಣು ಹಚ್ಚಿ ಉಜ್ಜುವನು, ಎರಡು ಕೋಲುಗಳಿಗೆ ದಿನಾ ಹರಳೆಣ್ಣೆ ಕುಡಿಸುವನು, ಕಿವಿಯನ್ನು ಹೊಳೆಯ ಕಡೆ ಚಾಚಿ ಕೂರುವನು. ಸಾಧು ಮನುಷ್ಯ. ನಾಲ್ಕನೆಯ ನಡುಗಡ್ಡೆಯ ಸದ್ದು ಬಾರದೆ ಒಂದು ಪೆಟ್ಟೂ ಹಾಕಿದವನಲ್ಲ.

ಅಡುಗೆಯವಳ ತಾಯಿಯೂ ಇದೇ ಒಲೆಯ ಮುಂದೆ ಸವೆದವಳು. ಕೊನೆಯ ದಿನ ಮಲಗಿದಲ್ಲಿಂದಲೇ ಮಗಳನ್ನು ಕರೆದು, “ಜೀವ ಎಲ್ಲಾ ಬೇಯ್ಸೋದ್ರಲ್ಲೇ ಹೋಯ್ತು ಕಣೇ. ಒಂದ್ ತುತ್ತು ಬಿಸೀದು ಹಾಕು ಬಾಯಿಗೆ,” ಅಂದಿದ್ದಳು. ಮುದ್ದೆ ಆಗಷ್ಟೇ ಇಳಿದು ಹಬೆಯಾಡುತ್ತಿತ್ತು. ಮಗಳು ತುತ್ತು ಮುರಿದು ಕೈಯಲ್ಲಿ ಹಿಡಿದುಕೊಂಡು ನಗಾರಿಗೆ ಕಾದಳು. ಅಂದು ದೊರೆ ಬೇಟೆಗೆ ಹೋಗಿದ್ದ. ನಗಾರಿ ಬಂತು, ತುತ್ತು ಆರಿತ್ತು, ತಾಯಿಯೂ ಆರಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಹೇಳುತ್ತಾರೆ. ಆ ತುತ್ತನ್ನು ಹಿಡಿದಿದ್ದ ಕೈಯ ಮೇಲೆ ಅಡುಗೆಯವಳಿಗೆ ಅಂದಿನಿಂದ ಸಿಟ್ಟು. ಸಾಯುವುದರೊಳಗೆ ಒಂದು ಬಿಸಿ ತುತ್ತು ಉಣ್ಣಬೇಕು, ಅಮ್ಮನ ಹೆಸರಲ್ಲಿ ಉಣ್ಣಬೇಕು ಎಂಬುದೊಂದೇ ಅವಳ ಆಸೆ. ದೇವರಿಗೆ ಕೈ ಮುಗಿದರೂ ಅವಳು ಬೇರೇನೂ ಕೇಳುತ್ತಿರಲಿಲ್ಲ.

ಹೀಗಿರಲು ದೊರೆಯ ಹೊಟ್ಟೆ ಕೆಟ್ಟಿತು.

ಒಂದು ಬೆಳಿಗ್ಗೆ ಓಲೆಕಾರ ದೋಣಿಯಲ್ಲಿ ಬಂದ. ದೋಣಿಯ ತುಂಬ ಬೇರು ತೊಗಟೆಗಳ ಮೂಟೆ. ಒಲೆಯ ಮುಂದೆ ನಿಂತು ಓಲೆ ಬಿಚ್ಚಿ ಓದಿದ: “ಮಹಾದೊರೆಯವರಿಗೆ ಅಜೀರ್ಣವಾಗಿದೆ. ರಾಜವೈದ್ಯರು ಕಷಾಯ ಕೊಟ್ಟಿದ್ದಾರೆ. ಕಷಾಯ ಕಹಿಯಾಗಿದೆ. ಆದ್ದರಿಂದ ಇನ್ನು ಮುಂದೆ ಪ್ರತಿ ಊಟಕ್ಕೆ ಮೊದಲು ನಡುಗಡ್ಡೆಗಳ ಜನ ಅದನ್ನು ಕುಡಿಯತಕ್ಕದ್ದು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೂಂ, ಇದೂ ಒಂದು ಆಗಲಿ ಎಂದು ತಲೆಯಾಡಿಸಿದರು. ಹುಟ್ಟಿದಾಗಿನಿಂದ ತಣ್ಣನೆಯದನ್ನೇ ನುಂಗಿದವರಿಗೆ ಕಹಿ ಯಾವ ಲೆಕ್ಕ? ಓಲೆಕಾರ ಅಲ್ಲಿಗೇ ನಿಲ್ಲಿಸಿದ್ದರೆ ಸಾಮ್ರಾಜ್ಯ ಇನ್ನೂ ನೂರು ವರ್ಷ ಬಾಳುತ್ತಿತ್ತು. ಅವನು ಒಲೆಯ ಮೇಲಿನ ಮಣ್ಣಿನ ಗಡಿಗೆ ತೋರಿಸಿ, “ಇದರಲ್ಲೇ ಕುದಿಸಮ್ಮ,” ಅಂದುಬಿಟ್ಟ.

“ಯಾವುದ್ರಲ್ಲಿ?” ಎಂದಳು ಅಡುಗೆಯವಳು.

“ಇದೇ, ಈ ಗಡಿಗೇಲಿ.”

“ಇದು ನಮ್ಮಮ್ಮನ ಗಡಿಗೆ ಕಣಪ್ಪ. ಮಣ್ಣಿಂದು, ಹಾಕಿದ್ದನ್ನೆಲ್ಲ ಕುಡೀತದೆ. ಒಂದು ಸಲ ಇದರಲ್ಲಿ ಬೇವು ಕುದಿಸಿದ್ರೆ ಆಮೇಲೆ ಹಾಲು ಕಾಯಿಸಿದ್ರೂ ಬೇವೇ.”

“ರಾಜಾಜ್ಞೆ!”

“ರಾಜ ಬಂದು ಸಾರು ಮಾಡ್ತಾನಾ ಇದರಲ್ಲಿ?”

ಹೀಗೆಂದವಳೇ ಸೌಟು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದೋಣಿಗೆ ಹೋಗಿ ಮೊದಲ ಮೂಟೆಯನ್ನು ಹೊಳೆಗೆ ಉರುಳಿಸಿದಳು. ಎರಡನೆಯದನ್ನೂ ಉರುಳಿಸಿದಳು. ಮೂರನೆಯದಕ್ಕೆ ಜನ ಕೈ ಹಾಕಿದರು. ಸಂಜೆಯೊಳಗೆ ನಾಲ್ಕನೆಯ ನಡುಗಡ್ಡೆಯಲ್ಲೂ ಮೂಟೆ ಉರುಳಿತು, ಮೂರನೆಯದರಲ್ಲೂ ಉರುಳಿತು. ಸಿಟ್ಟಿಗೆ ನಗಾರಿ ಬೇಕಾಗಿರಲಿಲ್ಲ, ಅದು ತಾನೇ ನೀರು ದಾಟಿತು. ಆ ವರ್ಷ ಹೊಳೆಯ ಮೀನುಗಳಿಗೆ ಜೀರ್ಣಶಕ್ತಿ ಹೆಚ್ಚಿ ಬಲೆಯ ದಾರವನ್ನೇ ತಿಂದು ಓಡಿಹೋದವಂತೆ.

“ಏನೇ ಮಾಡ್ಬಿಟ್ಟೆ ನೀನು?” ಎಂದು ನಗಾರಿಯವನು ತಲೆ ಮೇಲೆ ಕೈ ಹೊತ್ತು ಕೂತ.

“ಗಡಿಗೆ ಉಳಿಸ್ಕೊಂಡೆ ಕಣ್ರೀ,” ಎಂದಳು ಅವಳು.

ಒಂದು ವಾರಕ್ಕೆ ದಂಡು ಬಂತು. ನೂರು ದೋಣಿ, ದೋಣಿಗೆ ಹತ್ತು ಜನ. ದಂಡನ್ನು ನೋಡಿ ನಡುಗಡ್ಡೆಯವರು ನಡುಗಿದರು. ಆದರೆ ದಂಡಿನವರೂ ಕೂತಲ್ಲೇ ನಡುಗುತ್ತಿದ್ದರು. ಯಾಕೆಂದರೆ ಕಟ್ಟಳೆ ಅವರಿಗೂ ಒಂದೇ. ಕಷಾಯ ಹೊಳೆ ಪಾಲಾದ ಸಿಟ್ಟಿಗೆ ದೊರೆ ಉಪವಾಸ ಹಿಡಿದಿದ್ದ, ಅವನು ಉಣ್ಣದೆ ಸೈನ್ಯ ಉಣ್ಣುವಂತಿಲ್ಲ. ಮೂರು ದಿನದ ಹಸಿವು ಹೊತ್ತು ದಂಡಿನ ದಳವಾಯಿ ದಡಕ್ಕೆ ಇಳಿದು, ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಆಜ್ಞೆ ಹಿಡಿದು ನಿಂತ.

ಆ ಹೊತ್ತಿಗೆ ಸರಿಯಾಗಿ ಅಡುಗೆಯವಳು ಸಾರಿಗೆ ಒಗ್ಗರಣೆ ಕೊಟ್ಟಳು. ಬೇಕೆಂದೇ ಕೊಟ್ಟಳೆಂದು ಕೆಲವರು ಹೇಳುತ್ತಾರೆ. ಸಾರಿಗೆ ಒಗ್ಗರಣೆ ಬೇಕಿತ್ತು, ಕೊಟ್ಟಳು, ಅಷ್ಟೆ. ಬೆಳ್ಳುಳ್ಳಿ ಚಟಗುಟ್ಟಿದ ಸದ್ದಿಗೆ ಸಾವಿರ ಸೈನಿಕರು ಒಟ್ಟಿಗೇ ಎಂಜಲು ನುಂಗಿದ್ದು ದೋಣಿಗಳಿಂದ ದಡಕ್ಕೆ ಕೇಳಿಸಿತು.

ದಳವಾಯಿ ಓದಲು ಶುರುಮಾಡಿದ. ಆಜ್ಞೆಯಲ್ಲಿ ದೊರೆಯ ಬಿರುದುಗಳೇ ಎಂಬತ್ತೆರಡು. ಬಿರುದು ಮುಗಿದು ಅಪರಾಧಕ್ಕೆ ಬರುವಷ್ಟರಲ್ಲಿ ಸಾರು ಎಂದಿನಂತೆ ತಣ್ಣಗಾಗಿತ್ತು. ಅವನ ಹೊಟ್ಟೆ ಅವನಿಗಿಂತ ಗಟ್ಟಿಯಾಗಿ ಏನನ್ನೋ ಓದಿತು.

ಅಡುಗೆಯವಳಿಗೆ ಕರುಳು ಚುರುಕ್ಕೆಂದಿತು. “ಕಡಿಯೋದಾದ್ರೆ ಉಂಡು ಕಡೀರಪ್ಪ. ಖಾಲಿ ಹೊಟ್ಟೇಲಿ ಕೈ ಅಲ್ಲಾಡ್ತದೆ,” ಅಂದಳು.

“ನಗಾರಿ ಆಗಿಲ್ಲವಲ್ಲ ತಾಯಿ,” ಎಂದ ದಳವಾಯಿ. ಅವನ ಕಣ್ಣಲ್ಲಿ ನೀರಿತ್ತು.

ಅವಳು ಗಂಡನ ಕಡೆ ತಿರುಗಿದಳು. “ರೀ, ಬಾರಿಸಿ.”

“ದೊರೆ ಉಂಡಿಲ್ವಲ್ಲೇ!”

“ಉಂಡ್ರೋ ಬಿಟ್ರೋ, ನೀವೇನು ಕಣ್ಣಾರೆ ಕಂಡಿದ್ದೀರಾ? ನಲವತ್ತು ವರ್ಷದಿಂದ ಆ ನಾಲ್ಕನೇ ಗಡ್ಡೆಯೋನು ಬಾರಿಸಿದ ಅಂತ ನೀವು ಬಾರಿಸ್ತಿದ್ದೀರಿ. ಇವತ್ತು ನೀವು ಬಾರಿಸಿದ್ರಿ ಅಂತ ಅವನು ಬಾರಿಸ್ಲಿ.”

ನಗಾರಿಯವನು ಎಣ್ಣೆ ಕುಡಿದು ಕಪ್ಪಾದ ಕೋಲುಗಳನ್ನು ನೋಡಿದ. ಹೊಳೆ ನೋಡಿದ. ದಳವಾಯಿಯ ಹೊಟ್ಟೆ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು, ಬದುಕಿನಲ್ಲಿ ಮೊದಲ ಸಲ, ತಾನಾಗಿ ಒಂದು ಪೆಟ್ಟು ಹಾಕಿದ.

ಸೈನಿಕರು ಕತ್ತಿ ಬಿಸಾಕಿ ಎಲೆ ಹುಡುಕಿಕೊಂಡು ಓಡಿಬಂದರು. ಸದ್ದು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಐದನೆಯದನ್ನು ಕೇಳಿ ನಾಲ್ಕನೆಯವನು ಬಾರಿಸಿದ, ನಾಲ್ಕನೆಯದನ್ನು ಕೇಳಿ ಮೂರನೆಯವನು. ಸದ್ದು ಹಿಂದುಹಿಂದಕ್ಕೆ ನಡೆದು ಆಚೆ ದಡಕ್ಕೆ ಮುಟ್ಟಿ ಅರಮನೆಯ ನಗಾರಿಯೂ ಮೊಳಗಿತು. ಉಪವಾಸ ಮಲಗಿದ್ದ ಮಹಾದೊರೆ ಕಣ್ಣು ಬಿಟ್ಟು, ಓಹೋ, ನಾನು ಉಂಡೆ ಎಂದುಕೊಂಡ. ಎದ್ದು ಕೈ ತೊಳೆದ, ದೊಡ್ಡದಾಗಿ ತೇಗಿದ, “ಇವತ್ತು ಸಾರು ಚೆನ್ನಾಗಿತ್ತು,” ಅಂದ. ನಗಾರಿ ಆದ ಮೇಲೆ ದೊರೆ ಉಂಡಿಲ್ಲ ಎನ್ನುವ ಧೈರ್ಯ ಅರಮನೆಯಲ್ಲಿ ಯಾರಿಗೂ ಇರಲಿಲ್ಲ. ಅವನಿಗೂ ಇರಲಿಲ್ಲ. ಐದನೆಯ ನಡುಗಡ್ಡೆಯ ನಗಾರಿಯವನು ಅಭ್ಯಾಸದಂತೆ ಹೊತ್ತು ಇಳಿದು ಸಾರು ಆರಿದ ಮೇಲೇ ಬಾರಿಸುತ್ತಿದ್ದ, ದೊರೆ ದಿನಾ ಅದನ್ನು ಕೇಳಿ ದಿನಾ ಹಾಗೆಯೇ ಉಂಡ. ಹದಿನೈದು ದಿನಕ್ಕೆ ಬಹಳ ಸಣ್ಣಗಾಗಿ, ನಡುಗಡ್ಡೆಗಳನ್ನು ಆಳುವಷ್ಟು ಮೈಯಿಲ್ಲವೆಂದು ಓಲೆ ಕಳಿಸಿ ಬಾಗಿಲು ಹಾಕಿಕೊಂಡ.

ಹೀಗೆ ಐದು ನಡುಗಡ್ಡೆಗಳಿಗೆ ಬಿಡುಗಡೆ ಸಿಕ್ಕಿತು. ಒಂದು ತಲೆಯೂ ಉರುಳಲಿಲ್ಲ. ಉರುಳಿದ್ದು ಮೂಟೆ ಮಾತ್ರ.

ಇನ್ನು ಹೊಸ ಆಡಳಿತ ಆಗಬೇಕಿತ್ತು. ಐದು ನಡುಗಡ್ಡೆಗಳ ಐವರು ಯಜಮಾನರು ಐದನೆಯ ನಡುಗಡ್ಡೆಯ ಹುಣಸೆಮರದ ಕೆಳಗೆ ಸಭೆ ಸೇರಿದರು. ಎದುರಿಗೆ ಒಲೆ. ತೀರ್ಮಾನ ಆಗಬೇಕಿದ್ದದ್ದು ಒಂದೇ ಮಾತು: ಇನ್ನು ಮುಂದೆ ಉಣ್ಣುವುದು ಯಾವಾಗ?

ಮೊದಲ ನಡುಗಡ್ಡೆಯ ಯಜಮಾನ, ನಾವು ಮೀನು ಹಿಡಿಯುವವರು, ಸೂರ್ಯ ಹುಟ್ಟುವಾಗ ಉಣ್ಣಬೇಕು ಎಂದ. ಎರಡನೆಯವನು ನೆತ್ತಿಯ ಮೇಲೆ ಬಂದಾಗ ಎಂದ. ಮೂರನೆಯವನು ದೊಡ್ಡ ಹೊಟ್ಟೆಯವನು, ಎರಡೂ ಹೊತ್ತು ಆಗಬಹುದು ಎಂದ. ನಾಲ್ಕನೆಯವನು, ಯಾವಾಗಲಾದರೂ ಸರಿ, ಆದರೆ ಮೂರನೆಯವನಿಗಿಂತ ಮೊದಲು ಎಂದ. ಐದನೆಯವನು ಎಲ್ಲರಿಗಿಂತ ಸಣ್ಣ ನಡುಗಡ್ಡೆಯ ಸಣ್ಣ ಮನುಷ್ಯ. ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಐವರಿಗೆ ಎರಡೂ ಹೊಸದು.

ದಿನದ ಸಭೆ ಏಳದೆ ಯಾರೂ ಎಲೆ ಮುಟ್ಟಬಾರದೆಂದು ಅವರೇ ನಿಯಮ ಮಾಡಿಕೊಂಡರು. ಅಡುಗೆಯವಳು ದಿನಾ ಬೇಯಿಸಿದಳು, ಇಳಿಸಿದಳು, ಅಭ್ಯಾಸಬಲದಿಂದ ಒಲೆಗೆ ನೀರು ಹುಯ್ದಳು, ಕಾದಳು. ಹಬೆ ಏಳುತ್ತಿತ್ತು, ಮಾತೂ ಏಳುತ್ತಿತ್ತು. ಹಬೆ ಮೊದಲು ನಿಲ್ಲುತ್ತಿತ್ತು. ಕತ್ತಲಾಗಿ ಸಭೆ ಎದ್ದ ಮೇಲೆ ಎಲ್ಲರೂ ಆರಿದ್ದನ್ನೇ ಉಣ್ಣುತ್ತಿದ್ದರು. ಏಳು ದಿನ ಹೀಗೇ ನಡೆಯಿತು.

“ನೋಡಿದ್ರಾ?” ಎಂದಳು ಅವಳು ಗಂಡನಿಗೆ. “ಆಗ ಒಬ್ಬನ ಹೊಟ್ಟೆಗೆ ಕಾದ್ವಿ, ಈಗ ಐದು ಜನರ ಬಾಯಿಗೆ ಕಾಯ್ತಿದ್ದೀವಿ. ಮುದ್ದೆಗೇನು ವ್ಯತ್ಯಾಸ ಆಯ್ತು ಹೇಳಿ.”

“ದೊಡ್ಡವರು ಮಾತಾಡ್ತಿದ್ದಾರೆ, ಸುಮ್ನಿರೇ,” ಎಂದ ನಗಾರಿಯವನು.

ಎಂಟನೆಯ ದಿನ ಅವಳು ಸುಮ್ಮನಿರಲಿಲ್ಲ. ಮುದ್ದೆ ತೊಳಸಿ, ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ, ಗಡಿಗೆಯಿಂದ ಸಾರು ಸೌಟಿನಲ್ಲೆತ್ತಿ, ವಾದಿಸುತ್ತಿದ್ದ ಐವರ ಮುಂದೂ ಧಡಧಡನೆ ಬಡಿಸಿಬಿಟ್ಟಳು. ಮುದ್ದೆಯ ಮೋಸ ನಿಮಗೆ ಗೊತ್ತಲ್ಲ. ನೀರುಗೈ ಸವರಿದ ಮೇಲ್ಮೈ ಸಾಧುವಾಗಿರುತ್ತದೆ, ಒಳಗೆ ಬೆಂಕಿ. ಹಸಿದಿದ್ದ ಐವರು, ಸಭೆಯ ನಿಯಮ ಮರೆತು, ಆರಿದ ಮುದ್ದೆ ಮುರಿಯುವ ಅಭ್ಯಾಸದಲ್ಲೇ ದೊಡ್ಡ ದೊಡ್ಡ ತುತ್ತು ಮುರಿದು, ಕುದಿಯುವ ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು.

ಉಣ್ಣುವ ಪದಾರ್ಥ ಸುಡಬಹುದು ಎಂಬುದು ಆ ನೀರಿನ ನಡುವೆ ಹುಟ್ಟಿದ ಯಾವ ನಾಲಿಗೆಗೂ ಗೊತ್ತಿರಲಿಲ್ಲ. ಐವರೂ ಎದ್ದು ನಿಂತರು. ನುಂಗುವಂತಿಲ್ಲ, ಉಗುಳುವಂತಿಲ್ಲ, ಸಭಾ ಮರ್ಯಾದೆ ಬೇರೆ. ಮೂರನೆಯವನು ಹುಣಸೆಮರವನ್ನು ತಬ್ಬಿಕೊಂಡ. ನಾಲ್ಕನೆಯವನು ಮೊದಲ ಸಲ ಮೂರನೆಯವನಿಗಿಂತ ಹಿಂದೆ ಬಿದ್ದ. ಮೊದಲನೆಯವನು ಹೊಳೆಗೇ ಹಾರಿದ. ಸುಮಾರು ಹೊತ್ತು ಕಳೆದು ಮತ್ತೆ ಬಂದು ಕೂತಾಗ ಐವರ ನಾಲಿಗೆಯೂ ಹಲಸಿನ ತೊಳೆಯಂತೆ ದಪ್ಪಗಾಗಿ, ಒಬ್ಬರಿಗೂ ಒಂದು ಮಾತು ಹೊರಡದು.

ಏಳು ದಿನದ ಮೇಲೆ ಸಭೆ ನಿಶ್ಶಬ್ದವಾಯಿತು.

ಸಣ್ಣ ನಡುಗಡ್ಡೆಯ ಯಜಮಾನ ಬಾಯಿ ತೆರೆದು ಹಾ ಹಾ ಎಂದು ಉಸಿರು ಬಿಡುತ್ತಿದ್ದ. ಉಸಿರು ಕೈಯಲ್ಲಿ ಉಳಿದಿದ್ದ ತುತ್ತಿನ ಮೇಲೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆದರುತ್ತ ಹೆದರುತ್ತ ಆ ತುತ್ತನ್ನು ಬಾಯಿಗಿಟ್ಟ. ಕಣ್ಣರಳಿಸಿದ. ಉಳಿದ ನಾಲ್ವರಿಗೂ ಸನ್ನೆ ಮಾಡಿ ತೋರಿಸಿದ: ಊದಿ, ಆಮೇಲೆ ಉಣ್ಣಿ. ನಾಲ್ವರೂ ಊದಿದರು, ಉಂಡರು. ಬಿಸಿ ಮುದ್ದೆ ಅಗಿಯುವ ಮೊದಲೇ ಗಂಟಲಲ್ಲಿ ಜಾರಿ ಇಳಿದಾಗ, ಇಷ್ಟು ವರ್ಷ ತಾವು ಏನು ತಿನ್ನುತ್ತಿದ್ದೆವು ಎಂದು ಯೋಚಿಸಿ ಐವರ ಕಣ್ಣಲ್ಲೂ ನೀರು ಬಂತು. ಸುಟ್ಟದ್ದಕ್ಕೂ ಇರಬಹುದು.

ಆಮೇಲೆ ಕೆಲಸ ಸಲೀಸಾಯಿತು. ಮಾತಿನಲ್ಲಾದರೆ ಒಂದು ವರ್ಷ ಹಿಡಿಯುತ್ತಿದ್ದದ್ದು ಕೈಯಲ್ಲಿ ಅರ್ಧ ಹೊತ್ತಿನಲ್ಲಿ ಮುಗಿಯಿತು. ಒಬ್ಬ ಐದು ಬೆರಳು ಬಿಡಿಸಿ ಮುಷ್ಟಿ ಕಟ್ಟಿ ತೋರಿಸಿದ: ಐದು, ಆದರೆ ಒಂದು. ಇನ್ನೊಬ್ಬ ತನ್ನ ಹೊಟ್ಟೆ ಮುಟ್ಟಿ, ಪಕ್ಕದವನ ಹೊಟ್ಟೆ ಮುಟ್ಟಿ, ಕೈಯಾಡಿಸಿದ: ಒಬ್ಬನ ಹೊಟ್ಟೆಗೆ ಇನ್ನೊಬ್ಬ ಕಾಯತಕ್ಕದ್ದಲ್ಲ. ಮೂರನೆಯವನು ಒಲೆ ತೋರಿಸಿ ಎದ್ದು ನಿಂತ: ಅಡುಗೆ ಇಳಿದರೆ ಸಭೆ ಏಳತಕ್ಕದ್ದು. ನಾಲ್ಕನೆಯವನು ಜಗಳವಾಡಲು ಬಾಯಿ ತೆರೆದ, ಉರಿಯಿತು, ಮುಚ್ಚಿದ. ಸಣ್ಣ ನಡುಗಡ್ಡೆಯವನು ಅಂಗೈ ಮೇಲೆ ಊದಿ ತೋರಿಸಿದ. ಅದೇ ಮೊದಲನೆಯ ಕಾಯಿದೆಯಾಯಿತು: ಊದಿ ಉಣ್ಣತಕ್ಕದ್ದು.

ಬರೆದುಕೊಂಡವನು ನಗಾರಿಯವನು. ಅವನೊಬ್ಬನ ನಾಲಿಗೆ ಸುಟ್ಟಿರಲಿಲ್ಲ. ನಗಾರಿ ಆಗಿಲ್ಲವೆಂದು ಅವನಿನ್ನೂ ಉಂಡಿರಲಿಲ್ಲ. ಬರೆಯಲು ಬೇರೇನೂ ಸಿಗದೆ ನಗಾರಿಯ ಚರ್ಮವನ್ನೇ ಬಿಚ್ಚಿ ಅದರ ಮೇಲೆ ಇದ್ದಿಲಿನಲ್ಲಿ ಬರೆದ.

ಚರ್ಮ ಹೋದ ಮೇಲೆ ನಗಾರಿ ಒಂದು ಒಳ್ಳೆಯ ತಾಮ್ರದ ಕೊಪ್ಪರಿಗೆ. ಐದು ನಡುಗಡ್ಡೆಗಳಿಗೆ ಸಾಲುವಂಥ ಪಾತ್ರೆ ಬೇರೆ ಯಾರ ಬಳಿಯೂ ಇರಲಿಲ್ಲ. ಅಡುಗೆಯವಳು ಅದಕ್ಕೆ ಕಲಾಯಿ ಹಾಕಿಸಿ, ಹೊಸ ಆಡಳಿತದ ಮೊದಲ ದಿನದ ಸಾರನ್ನು ಅದರಲ್ಲೇ ಕುದಿಸಿದಳು.

ಮೊದಲ ಪಂಕ್ತಿಗೆ ಐದೂ ನಡುಗಡ್ಡೆಗಳ ಜನ ಹೊಳೆಯ ದಂಡೆಯುದ್ದಕ್ಕೂ ಕೂತರು. ಅಡುಗೆಯವಳು ಒಬ್ಬೊಬ್ಬರಿಗೂ ಬಡಿಸಿದಳು. ಯಜಮಾನರು ಅವಳ ಕೈಯಿಂದ ಸೌಟು ಕಿತ್ತುಕೊಂಡು, “ನೀವೂ ಕೂತ್ಕೊಳಿ ತಾಯಿ,” ಎಂದು ಪಂಕ್ತಿಯ ತಲೆಯಲ್ಲಿ ಎಲೆ ಹಾಕಿದರು. ನಗಾರಿಯವನೇ ಬಡಿಸಿದ. ಅವಳು ತುತ್ತು ಮುರಿದಳು. ಹಬೆ ಎದ್ದಿತು. ಅಮ್ಮಾ, ಇದು ನಿಂದು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಊದಲು ಬಾಯಿಯ ಬಳಿ ತಂದಳು.

ಏನೋ ಸರಿಯಿಲ್ಲ ಅನಿಸಿ ತಲೆ ಎತ್ತಿದಳು.

ಪಂಕ್ತಿಯಲ್ಲಿ ಒಬ್ಬರೂ ಉಣ್ಣುತ್ತಿರಲಿಲ್ಲ. ಸಾವಿರ ಕೈ ಸಾವಿರ ಎಲೆಯ ಮೇಲೆ ನಿಂತಿದ್ದವು. ಸಾವಿರ ಕಣ್ಣು ಅವಳ ಬಾಯಿಯ ಮೇಲಿದ್ದವು.

“ಯಾಕ್ರೋ? ಉಣ್ರೋ!” ಎಂದಳು.

“ನೀವು ಉಣ್ಣಿ ತಾಯಿ,” ಎಂದ ಮೂರನೆಯ ಯಜಮಾನ ಭಕ್ತಿಯಿಂದ. “ನೀವು ಉಂಡ ಮೇಲೆ ನಾವು.”

ತಿರುಗಿ ನೋಡಿದರೆ ಅವಳ ಗಂಡ ಎರಡು ಕೋಲು ಹಿಡಿದು ಕೊಪ್ಪರಿಗೆಯ ಪಕ್ಕದಲ್ಲಿ ನಿಂತಿದ್ದ. ಚರ್ಮ ಇಲ್ಲದಿದ್ದರೇನು, ತಾಮ್ರ ಇತ್ತಲ್ಲ. ಬಹಳ ದಿನದ ಮೇಲೆ ಅವನ ಮುಖದಲ್ಲಿ ಕಳೆ ಬಂದಿತ್ತು. “ನೀನು ಕೈ ತೊಳೆದ ತಕ್ಷಣ ಬಾರಿಸ್ತೀನಿ ಕಣೇ. ಅಮ್ಮ ಉಂಡರು ಅಂತ. ಐದೂ ಗಡ್ಡೆಗೆ ಕೇಳ್ಬೇಕು, ಹಂಗೆ ಬಾರಿಸ್ತೀನಿ,” ಅಂದ.

ಅಡುಗೆಯವಳು ಕೈಯಲ್ಲಿದ್ದ ತುತ್ತು ನೋಡಿದಳು. ಪಂಕ್ತಿ ನೋಡಿದಳು. ಪಂಕ್ತಿಯುದ್ದಕ್ಕೂ ಹಬೆ ಸಣ್ಣಗಾಗುತ್ತಿತ್ತು. ಅವಳಿಗೆ ಭಯವಾಯಿತು. ದಂಡು ಬಂದಾಗಲೂ ಆಗದಷ್ಟು ಭಯ. ಇನ್ನು ತಾನು ಯಾವತ್ತು ಬಿಸಿಯಾಗಿ ಉಂಡರೂ ಯಾರೋ ಒಬ್ಬಳು, ಎಲ್ಲೋ ಒಂದು ಒಲೆಯ ಪಕ್ಕದಲ್ಲಿ, ತಾಯಿಯ ತುತ್ತು ಹಿಡಿದು ತನಗಾಗಿ ಕಾಯುತ್ತಿರುತ್ತಾಳೆ.

ತುತ್ತನ್ನು ಎಲೆಯ ಮೇಲೆ ಇಟ್ಟು ಎದ್ದಳು. ಗಂಡನ ಕೈಯಿಂದ ಕೋಲುಗಳನ್ನು ಕಿತ್ತುಕೊಂಡು ಒಲೆಗೆ ತುರುಕಿದಳು. ನೀರು ಹುಯ್ದ ಒಲೆಯ ಮೂಲೆಯಲ್ಲಿ ಎರಡು ಕೆಂಡ ಉಳಿದಿದ್ದವು. ಊದುಗೊಳವೆ ಹಚ್ಚಿ ಊದಿದಳು. ನಲವತ್ತು ವರ್ಷ ಹರಳೆಣ್ಣೆ ಕುಡಿದ ಕೋಲು, ಭಗ್ಗೆಂದು ಹತ್ತಿಕೊಂಡಿತು.

“ಅಯ್ಯಯ್ಯೋ, ಎರಡನೇ ಹೊಗೆ!” ಎಂದ ನಗಾರಿಯವನು.

ಎಲ್ಲರೂ ಆಚೆ ದಡದ ಗೋಪುರದ ಕಡೆ ನೋಡಿದರು. ಹೊಗೆ ಹುಣಸೆಮರ ದಾಟಿ ಮೇಲೆ ಹೋಯಿತು. ಗೋಪುರದಲ್ಲಿ ಎಣಿಸುವವರು ಯಾರೂ ಇರಲಿಲ್ಲ.

“ಈಗೇನು, ಬಾರ್ಸೋಕೆ ಏನೂ ಇಲ್ಲ,” ಎಂದಳು ಅಡುಗೆಯವಳು ಸೊಂಟದ ಮೇಲೆ ಕೈಯಿಟ್ಟು. “ಇನ್ನು ಕಾದ್ರೆ ಸಾಯೋವರೆಗೂ ಕಾಯ್ಬೇಕು. ಉಣ್ತೀರೋ, ಎಲೆ ಎತ್ತಲೋ?”

ಎಲೆ ಎತ್ತುತ್ತೇನೆ ಎಂದದ್ದೇ ತಡ, ಮೊದಲು ಒಬ್ಬ ಊದಿದ. ಆಮೇಲೆ ಪಕ್ಕದವನು. ಆಮೇಲೆ ಸಾವಿರ ಜನ ಒಟ್ಟಿಗೇ ಊದಿದರು, ಹೊಳೆಯ ನೀರು ಸಣ್ಣಗೆ ನಡುಗಿತು. ನಗಾರಿಯವನು ಬರಿಗೈ ನೋಡಿಕೊಂಡು ನಿಂತಿದ್ದ. ಪಂಕ್ತಿಯವರು ಸರಿದು ಜಾಗ ಮಾಡಿ ಎಲೆ ಹಾಕಿದರು, ಕೂತ. ಯಾವ ಸದ್ದಿಗೂ ಕಿವಿ ಕೊಡದೆ ಒಂದು ತುತ್ತು ಉಂಡ.

ಅಡುಗೆಯವಳು ಇಟ್ಟು ಹೋಗಿದ್ದ ತುತ್ತು ಆರಿತ್ತು. ಆದರೆ ಕೊಪ್ಪರಿಗೆಯ ತಳದಲ್ಲಿ ಒಂದು ಸೌಟು ಸಾರು ಉಳಿದಿತ್ತು, ಅಷ್ಟಕ್ಕೆ ಎರಡು ಕೋಲಿನ ಉರಿ ಧಾರಾಳ. ಸಾರು ಕೊತಕೊತ ಕುದಿಯಿತು. ಅವಳು ಹೊಸ ತುತ್ತು ಮುರಿದು ಆ ಕುದಿಯಲ್ಲೇ ಅದ್ದಿದಳು. ಅಮ್ಮನ ನೆನಪಾಗಿ ಕಣ್ಣು ಮಂಜಾಯಿತು. ಮಂಜಾದ ಕಣ್ಣಲ್ಲಿ ಮೊದಲನೆಯ ಕಾಯಿದೆ ಮರೆತುಹೋಗಿ, ಊದದೆ ಬಾಯಿಗೆ ಹಾಕಿಕೊಂಡಳು.

“ಹೇಗಿದೆಯೇ?” ಎಂದು ಗಂಡ ಕೂತಲ್ಲಿಂದಲೇ ಕೂಗಿ ಕೇಳಿದ.

ನಾಲಿಗೆ ಸುಟ್ಟಿತ್ತು. ಮಾತು ಬರಲಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತ, ನಗುತ್ತ, ಅವಳು ಕೈ ಎತ್ತಿ ಗಾಳಿಯಲ್ಲಿ ಏನೋ ಒಂದು ಸನ್ನೆ ಮಾಡಿದಳು.

ಆ ಸನ್ನೆಗೆ ಸಾಕು ಎಂದು ಅರ್ಥ ಎನ್ನುತ್ತವೆ ಎರಡು ನಡುಗಡ್ಡೆಗಳು. ಇನ್ನೂ ಬಡಿಸಿ ಎಂದು ಅರ್ಥ ಎನ್ನುತ್ತವೆ ಮೂರು. ಇವತ್ತಿಗೂ ಹುಣಸೆಮರದ ಕೆಳಗೆ ಐದೂ ಸೇರಿ ಅದರ ಮೇಲೆ ಜಗಳವಾಡುತ್ತವೆ, ಕೆಲವೊಮ್ಮೆ ಜುಟ್ಟು ಜುಟ್ಟು ಹಿಡಿಯುವ ತನಕ. ಆದರೆ ಉಂಡ ಮೇಲೆ.